ಮುಳುಗಿದ ಹಡಗುಗಳು: ಕರ್ನಾಟಕ ಕರಾವಳಿ ಮತ್ತು ನೆರೆಯ ಕಡಲು

ಕಾರವಾರದ ಮಾಜಾಳಿಯಿಂದ ಮಂಗಳೂರಿನಾಚೆಯ ತಲಪಾಡಿಯವರೆಗೆ ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕಡಲ ದಂಡೆಯಿದೆ. ಈ ದಂಡೆಯೆದುರಿನ ನೀರಿನಲ್ಲಿ, ಅದಕ್ಕೆ ಉತ್ತರದ ಗೋವಾ–ಕೊಂಕಣದಲ್ಲಿ ಮತ್ತು ದಕ್ಷಿಣದ ಮಲಬಾರಿನಲ್ಲಿ ಮುಳುಗಿದ ಹಡಗು, ಮೀನುಗಾರಿಕೆ ಬೋಟು, ಟಗ್, ಹೂಳೆತ್ತುವ ನೌಕೆ ಹಾಗೂ ವಿಮಾನಗಳ ಸಮೀಕ್ಷೆ ಇದು. ಸಮುದ್ರದಲ್ಲಿ ಗಡಿಕಲ್ಲು ನೆಟ್ಟವರಿಲ್ಲ. ಮಲ್ಪೆಯಿಂದ ಹೊರಟ ಬೋಟು ಮಹಾರಾಷ್ಟ್ರದ ಮಾಲ್ವಣದೆದುರು ಮುಳುಗುತ್ತದೆ, ಮಂಗಳೂರಿನ ಹೆಂಚು ಗೋವಾದ ಬಂಡೆಸಾಲಿನಲ್ಲಿ ಸಿಗುತ್ತದೆ, ಕೇರಳದೆದುರು ಹೊತ್ತಿ ಉರಿದ ಹಡಗಿನ ಗಾಯಾಳುಗಳು ಪಣಂಬೂರಿನಲ್ಲಿ ಬಂದಿಳಿಯುತ್ತಾರೆ. ಗಡಿ ದಾಟದೆ ಈ ವಿಷಯವನ್ನು ಬರೆಯಲಾಗದು.

ಮುಳುಗಿದ ಹಡಗು ಎಂದರೆ ಚಿನ್ನದ ಪೆಟ್ಟಿಗೆ, ಮುತ್ತಿನ ಮೂಟೆ ಎಂಬ ಕಲ್ಪನೆ ಸಿನಿಮಾದವರು ಕೊಟ್ಟದ್ದು. ಈ ಭಾಗದಲ್ಲಿ ಚಿನ್ನಕ್ಕೆ ಹೆಸರಾದ ಪ್ರಸಂಗ ಒಂದೇ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಗೊಂಡ ‘ಫೋರ್ಟ್ ಸ್ಟೈಕೀನ್’ ಹಡಗಿನಲ್ಲಿ ಸಿಡಿಮದ್ದು ಮತ್ತು ಹತ್ತಿಯ ಜೊತೆಗೆ ಚಿನ್ನದ ಗಟ್ಟಿಗಳೂ ಇದ್ದವು. ದಶಕಗಳ ನಂತರವೂ ಬಂದರಿನ ಹೂಳೆತ್ತುವಾಗ ಅವುಗಳಲ್ಲಿ ಕೆಲವು ಮೇಲೆ ಬಂದಿವೆ. ಕರ್ನಾಟಕದ ಕಡಲಿನ ತಳ ಸೇರಿದ ಸರಕು ಬೇರೆ ಬಗೆಯದು: ಹೆಂಚು, ಅದಿರಿನ ಪುಡಿ, ಸಿಮೆಂಟು, ಉಕ್ಕಿನ ಸುರುಳಿ, ಡೀಸೆಲ್, ಬಲೆ. ಈ ಕರಾವಳಿ ಯಾವ ಕಾಲದಲ್ಲಿ ಏನನ್ನು ಸಾಗಿಸಿ ಹೊಟ್ಟೆ ಹೊರೆಯಿತೋ ಆ ಕಾಲದ ಹಡಗಿನ ಹೊಟ್ಟೆಯಲ್ಲಿ ಅದೇ ಇದೆ.

ಹಳೆಯ ದಾರಿಗಳು

ಹೊನ್ನಾವರ, ಭಟ್ಕಳ, ಬಸರೂರು, ಬಾರಕೂರು, ಮಂಗಳೂರುಗಳು ಮಧ್ಯಯುಗದ ಹೆಸರಾಂತ ಬಂದರುಗಳು. ಅಕ್ಕಿ, ಮೆಣಸು ಇಲ್ಲಿಂದ ಹೋಗುತ್ತಿದ್ದವು, ಅರಬರ ಕುದುರೆಗಳು ಬರುತ್ತಿದ್ದವು. ಇವೆಲ್ಲ ನದಿಮುಖದ ಬಂದರುಗಳೆಂಬುದನ್ನು ನೆನಪಿಡಬೇಕು, ಏಕೆಂದರೆ ಅಪಾಯ ಇದ್ದದ್ದೂ ಅಲ್ಲೇ. ನದಿ ತಂದ ಮರಳು ಮತ್ತು ಕಡಲು ತಳ್ಳಿದ ಮರಳು ಸೇರಿ ಅಳಿವೆಬಾಗಿಲಿನಲ್ಲಿ ದಿಬ್ಬ ಕಟ್ಟುತ್ತವೆ. ಅಲೆ ಅದರ ಮೇಲೆ ಬಂದು ಮುರಿಯುತ್ತದೆ. ನಡುಗಡಲಿನ ಗಾಳಿಯನ್ನು ಗೆದ್ದು ಬಂದ ದೋಣಿ ಊರ ಬಾಗಿಲಿನಲ್ಲಿ ಮಗುಚುವುದು ಇವತ್ತಿಗೂ ತಪ್ಪಿಲ್ಲ. ಮಳೆಗಾಲದಲ್ಲಿ ಹೆಣ ಹುಡುಕುವ ಸುದ್ದಿ ಬರುವುದು ಹೆಚ್ಚಾಗಿ ಅಳಿವೆಗಳಿಂದಲೇ.

ಈ ಕರಾವಳಿಯ ಕಡಲ ಅಪಾಯಗಳ ಬಗ್ಗೆ ನಮಗೆ ಸಿಗುವ ಅತ್ಯಂತ ಜೀವಂತ ಬರಹ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನದು. 14ನೆಯ ಶತಮಾನದ ನಲವತ್ತರ ದಶಕದಲ್ಲಿ ದಿಲ್ಲಿಯ ಸುಲ್ತಾನನ ಉಡುಗೊರೆಗಳನ್ನು ಚೀನಾಕ್ಕೆ ಒಯ್ಯಲು ಹೊರಟ ಅವನು ಕಲ್ಲಿಕೋಟೆಯಲ್ಲಿ ಶುಕ್ರವಾರದ ನಮಾಜಿಗೆಂದು ದಡದಲ್ಲಿ ಉಳಿದ. ಆ ರಾತ್ರಿ ಬಿರುಗಾಳಿಗೆ ಉಡುಗೊರೆ ತುಂಬಿದ ಹಡಗು ದಡಕ್ಕೆ ಅಪ್ಪಳಿಸಿ ಒಡೆಯಿತು. ಸುಲ್ತಾನನಿಗೆ ಮುಖ ತೋರಿಸಲಾಗದೆ ಅವನು ಆಶ್ರಯ ಪಡೆದದ್ದು ಹೊನ್ನಾವರದಲ್ಲಿ, ಅಲ್ಲಿಯ ಜಮಾಲುದ್ದೀನನ ಬಳಿ. ದುರದೃಷ್ಟ ಅಲ್ಲಿಗೇ ಮುಗಿಯಲಿಲ್ಲ. ಮುಂದೊಮ್ಮೆ ಹೊನ್ನಾವರಕ್ಕೂ ಫಾಕನೂರಿಗೂ ನಡುವಿನ ಚಿಕ್ಕ ದ್ವೀಪದ ಬಳಿ ಕಡಲ್ಗಳ್ಳರು ಅವನ ಹಡಗಿಗೆ ಮುತ್ತಿಗೆ ಹಾಕಿ ಮೈಮೇಲಿನ ಬಟ್ಟೆ ಬಿಟ್ಟು ಮಿಕ್ಕದ್ದನ್ನೆಲ್ಲ ದೋಚಿದರು. ಫಾಕನೂರನ್ನು ವಿದ್ವಾಂಸರು ಬಾರಕೂರೆಂದು ಗುರುತಿಸುತ್ತಾರೆ.

ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ವಾಸ್ಕೊ ಡ ಗಾಮ 1498ರಲ್ಲಿ ಹಡಗುಗಳನ್ನು ನಿಲ್ಲಿಸಿ ತಳ ಕೆರೆದು ದುರಸ್ತಿ ಮಾಡಿಕೊಂಡ. ಮರದ ಹಡಗಿನ ತಳಕ್ಕೆ ಚಿಪ್ಪುಹುಳು ಹತ್ತಿ ಹಲಗೆ ಜರಡಿಯಾಗುವುದು ಬಿರುಗಾಳಿಯಷ್ಟೇ ದೊಡ್ಡ ಶತ್ರುವಾಗಿತ್ತು. ಮುಳುಗಿದ ಮೇಲೂ ಆ ಹುಳು ಬಿಡುವುದಿಲ್ಲ. ಬೆಚ್ಚಗಿನ ಅರಬ್ಬಿ ಸಮುದ್ರದಲ್ಲಿ ಮರದ ಹಡಗು ಉಳಿಯದೆ ಅದರ ಸರಕು, ಲಂಗರು, ಫಿರಂಗಿಗಳಷ್ಟೇ ಉಳಿಯಲು ಇದೂ ಒಂದು ಕಾರಣ. ಉಪ್ಪು ಕಡಿಮೆಯಿರುವ ಬಾಲ್ಟಿಕ್ ಸಮುದ್ರದಿಂದ 1961ರಲ್ಲಿ ಸ್ವೀಡನ್ನಿನವರು ‘ವಾಸಾ’ ಎಂಬ 17ನೆಯ ಶತಮಾನದ ಹಡಗನ್ನು ಇಡಿಯಾಗಿ ಎತ್ತಿದಂತೆ ಇಲ್ಲಿ ಎತ್ತುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಉಗಿಹಡಗಿನ ಕಾಲಕ್ಕೆ ಬ್ರಿಟಿಷರು ಕಾರವಾರದೆದುರಿನ ದೇವಗಡ ಬಂಡೆಯ ಮೇಲೆ 1864ರಲ್ಲಿ ದೀಪಸ್ತಂಭ ಎಬ್ಬಿಸಿದರು. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದು. ಈಗ ಪ್ರವಾಸಿಗರು ಫೋಟೊಕ್ಕೆ ನಿಲ್ಲುವ ಆ ಬಂಡೆಗಳೇ ಒಂದು ಕಾಲಕ್ಕೆ ನಾವಿಕರ ಎದೆ ನಡುಗಿಸುತ್ತಿದ್ದವು. ಪ್ರಯಾಣಿಕ ಉಗಿಹಡಗುಗಳ ದುರಂತಗಳಲ್ಲಿ ಪಶ್ಚಿಮ ಕರಾವಳಿ ಮರೆಯದಿರುವುದು ‘ರಾಮದಾಸ್’. ಮುಂಬಯಿಯಿಂದ ರೇವಸ್‌ಗೆ ಹೊರಟಿದ್ದ ಈ ಹಡಗು 1947ರ ಜುಲೈ 17ರಂದು, ಮಳೆಗಾಲದ ಅಬ್ಬರದಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯ ಬರಲು ಇನ್ನು ಒಂದು ತಿಂಗಳೂ ಇರಲಿಲ್ಲ. ಆ ಗದ್ದಲದಲ್ಲಿ ಇಷ್ಟು ದೊಡ್ಡ ಸಾವು ರಾಷ್ಟ್ರದ ನೆನಪಿನಿಂದ ಜಾರಿಹೋಯಿತು.

ಹೆಂಚಿನ ಹಡಗು

ಗೋವಾದ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಪುರಾತತ್ತ್ವ ಮುಳುಗುಗಾರರು ಪತ್ತೆ ಹಚ್ಚಿದ 19ನೆಯ ಶತಮಾನದ ಹಡಗಿನ ಸರಕು ಕನ್ನಡಿಗರಿಗೆ ತೀರ ಪರಿಚಿತವಾದದ್ದು. ಮಾಡಿನ ಹೆಂಚು, ಮುಚ್ಚಿಗೆಯ ಹೆಂಚು, ಇಟ್ಟಿಗೆ, ಕೊಳವೆ, ಕಂಬಕ್ಕೆ ಜೋಡಿಸುವ ಸುಟ್ಟ ಮಣ್ಣಿನ ತುಂಡುಗಳು. ಕೆಲವುದರ ಮೇಲೆ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಮುದ್ರೆ ಮತ್ತು 1865 ಎಂಬ ಇಸವಿ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾಗಿ ಮನೆಯಿಂದಲೂ ಜಾತಿಯ ಕಸುಬಿನಿಂದಲೂ ಹೊರಬಿದ್ದವರಿಗೆ ಉದ್ಯೋಗ ಕೊಡಬೇಕಾಗಿ ಬಂದು ನೇಯ್ಗೆ, ಅಚ್ಚುಕೂಟ, ಹೆಂಚುಗಳ ಕೆಲಸ ಶುರುವಾಯಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿಪಾತ್ರದ ಜೇಡಿಮಣ್ಣು, ಘಟ್ಟದಿಂದ ತೇಲಿಬರುವ ಸೌದೆ, ಬಾಗಿಲಲ್ಲೇ ನೀರಿನ ದಾರಿ ಇದ್ದುದರಿಂದ ‘ಮಂಗಳೂರು ಹೆಂಚು’ ಎಂಬ ಹೆಸರು ಕಡಲಾಚೆಗೂ ಹೋಯಿತು.

ಈ ಅವಶೇಷದಲ್ಲಿ ಓದುಗ ಎಡವುವ ಜಾಗ ಒಂದಿದೆ. ಹೆಂಚಿನ ಮೇಲಿನ 1865 ಕಾರ್ಖಾನೆ ಆರಂಭವಾದ ವರ್ಷ. ಹಡಗು ಮುಳುಗಿದ ವರ್ಷವೂ ಅಲ್ಲ, ಆ ಹೆಂಚು ಸುಟ್ಟ ವರ್ಷವೂ ಆಗಬೇಕಿಲ್ಲ. ಅದೇ ಅಚ್ಚು ಎಷ್ಟೋ ವರ್ಷ ನಡೆಯಿತು. ಇನ್ನೊಂದು ತುದಿಯಲ್ಲಿ ಮೊದಲ ಮಹಾಯುದ್ಧ ನಿಂತಿದೆ. ಯುದ್ಧದ ಕಾಲಕ್ಕೆ ಬ್ರಿಟಿಷರು ಈ ಸಂಸ್ಥೆಯ ಉದ್ಯಮಗಳನ್ನು ವಶಪಡಿಸಿಕೊಂಡು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಹಾಗಾಗಿ ಆ ಮುದ್ರೆಯ ಹೆಂಚು ಈ ಎರಡು ತುದಿಗಳ ನಡುವಿನದು. ಮಣ್ಣು ಎಷ್ಟು ಹಿಂದೆ ಸುಟ್ಟದ್ದೆಂದು ಅಳೆಯುವ ಉಷ್ಣದೀಪ್ತಿ ವಿಧಾನವೂ 19ನೆಯ ಶತಮಾನವನ್ನೇ ಸೂಚಿಸಿತು.

ಹಡಗಿನ ಹೆಸರು ಗೊತ್ತಿಲ್ಲ, ಜನರ ಗುರುತಿಲ್ಲ. ಸರಕು ಮಾತ್ರ ತನ್ನ ಊರನ್ನು ಮೈಮೇಲೆ ಬರೆದುಕೊಂಡಿದೆ. ಇದೇ ಭಾಗದ ಸುಂಚಿ ಬಂಡೆಸಾಲಿನಲ್ಲಿ, ಕೆಲವೇ ಮೀಟರ್ ಆಳದಲ್ಲಿ, 17ನೆಯ ಶತಮಾನದ ಆರಂಭದ ಪೋರ್ಚುಗೀಸ್ ವ್ಯಾಪಾರಿ ಹಡಗಿನ ಆನೆದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರು, ಫಿರಂಗಿಗಳು ಸಿಕ್ಕಿವೆ. ನೋಡಲು ಅದು ಚೆಂದ. ಆದರೆ ನಮ್ಮ ಮಟ್ಟಿಗೆ ಹೆಚ್ಚು ಮಾತಾಡುವುದು ಹೆಂಚೇ.

ಭಾರತದಲ್ಲಿ ಕಡಲ ಪುರಾತತ್ತ್ವಕ್ಕೆ ತಳಪಾಯ ಹಾಕಿದವರು ಕನ್ನಡನಾಡಿನ ಎಸ್.ಆರ್. ರಾವ್ ಎಂಬುದನ್ನು ಇಲ್ಲಿ ಹೇಳಬೇಕು. ಲೋಥಲ್ ಉತ್ಖನನ ನಡೆಸಿದ ಶಿಕಾರಿಪುರ ರಂಗನಾಥ ರಾವ್, ನಿವೃತ್ತಿಯ ನಂತರ ಗೋವಾದ ಆ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ಕೇಂದ್ರ ಕಟ್ಟಿ ದ್ವಾರಕೆಯೆದುರಿನ ನೀರಿನಲ್ಲಿ ಶೋಧ ನಡೆಸಿದರು. ದ್ವಾರಕೆಯ ಕಾಲನಿರ್ಣಯದ ಬಗ್ಗೆ ಅವರೊಂದಿಗೆ ಒಪ್ಪದವರಿದ್ದಾರೆ. ಪುರಾತತ್ತ್ವಜ್ಞರನ್ನು ನೀರಿಗಿಳಿಸಿದ ಕೀರ್ತಿಯ ಬಗ್ಗೆ ತಕರಾರಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ತನ್ನದೇ ನೀರಡಿಯ ವಿಭಾಗ ತೆರೆದದ್ದು 2001ರಲ್ಲಿ. ಮರುವರ್ಷ ಲಕ್ಷದ್ವೀಪದ ಬಂಗಾರಂ ಬಳಿ ‘ಪ್ರಿನ್ಸೆಸ್ ರಾಯಲ್’ ಎಂಬ ಹಡಗಿನ ಅವಶೇಷವನ್ನು ನೌಕಾಪಡೆಯ ನೆರವಿನಿಂದ ಶೋಧಿಸಿತು.

ಯುದ್ಧದ ಕಬ್ಬಿಣ

ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ‘ಎಹ್ರೆನ್‌ಫೆಲ್ಸ್’, ‘ದ್ರಾಖೆನ್‌ಫೆಲ್ಸ್’, ‘ಬ್ರೌನ್‌ಫೆಲ್ಸ್’ ಹಡಗುಗಳು ತಟಸ್ಥ ಪೋರ್ಚುಗಲ್ಲಿನ ಕೈಲಿದ್ದ ಮುರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದವು. ಅಲ್ಲಿಂದ ಬ್ರಿಟಿಷ್ ಹಡಗುಗಳ ಸುಳಿವು ಜರ್ಮನ್ ಜಲಾಂತರ್ಗಾಮಿಗಳಿಗೆ ರವಾನೆಯಾಗುತ್ತಿದೆ ಎಂದು ಬ್ರಿಟಿಷರು ಶಂಕಿಸಿದರು. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾದ ಹವ್ಯಾಸಿ ಪಡೆಯ ನಡುವಯಸ್ಕ ಸದಸ್ಯರು ಒಂದು ಹೂಳೆತ್ತುವ ದೋಣಿಯಲ್ಲಿ ಬಂದು ದಾಳಿ ಮಾಡಿದರು. ಜರ್ಮನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಅಲ್ಲಿದ್ದ ಇಟಲಿಯ ‘ಅನ್ಫೋರಾ’ಕ್ಕೂ ಅದೇ ಗತಿಯಾಯಿತು. ತಟಸ್ಥ ಬಂದರಿನಲ್ಲಿ ನಡೆದ ಈ ಕೃತ್ಯವನ್ನು ಬ್ರಿಟನ್ ಬಹುಕಾಲ ಮುಚ್ಚಿಟ್ಟಿತು. 1980ರ ‘ದ ಸೀ ವುಲ್ವ್ಸ್’ ಚಿತ್ರದ ವಸ್ತು ಇದೇ.

ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ದೊಡ್ಡ ಹಡಗು ಐಎನ್‌ಎಸ್ ಖುಕ್ರಿ. 1971ರ ಡಿಸೆಂಬರ್ 9ರಂದು ದೀವ್ ಎದುರು ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಅದನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೇ ಹೋದರು. ಕಾರವಾರದ ಟಾಗೋರ್ ಕಡಲತೀರದಲ್ಲಿ ಜನ ನೋಡುವ ‘ಚಪಲ್’ ಕ್ಷಿಪಣಿ ನೌಕೆ ಆ ಯುದ್ಧದ ನಂತರದ್ದು, 1976ರಲ್ಲಿ ಸೇವೆಗೆ ಸೇರಿದ್ದು. ಅದನ್ನು ಆ ಯುದ್ಧದಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ನೌಕೆ ಎಂದು ಮಕ್ಕಳಿಗೆ ತೋರಿಸುವವರು ಇಸವಿ ನೋಡಿಕೊಳ್ಳಬೇಕು.

ಅದಿರು ನೀರಾದಾಗ

ಈ ಕರಾವಳಿಯ ಆಧುನಿಕ ಮುಳುಗಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪಾಠವಿರುವುದು ‘ಏಷ್ಯನ್ ಫಾರೆಸ್ಟ್’ ಪ್ರಕರಣದಲ್ಲಿ. 2009ರ ಜುಲೈಯಲ್ಲಿ, ನಡುಮಳೆಗಾಲದಲ್ಲಿ, ನವಮಂಗಳೂರು ಬಂದರಿನಿಂದ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾದತ್ತ ಹೊರಟ ಹಡಗು ಬಂದರು ಬಿಟ್ಟ ಕೆಲವೇ ಗಂಟೆಗಳಲ್ಲಿ ಒಂದು ಮಗ್ಗುಲಿಗೆ ವಾಲತೊಡಗಿತು. ಕರಾವಳಿ ಕಾವಲು ಪಡೆಯವರು ಅದರಲ್ಲಿದ್ದ 18 ಜನರನ್ನೂ ಉಳಿಸಿದರು. ಜುಲೈ 18ರಂದು ಹಡಗು ಮುಳುಗಿತು. ಡಿಕ್ಕಿಯಿಲ್ಲ, ಬಂಡೆಯಿಲ್ಲ, ಚಂಡಮಾರುತವಿಲ್ಲ.

ಕಾರಣ ಸರಕಿನೊಳಗೇ ಇತ್ತು. ಅದಿರಿನ ಪುಡಿ ಒಣಗಿದ್ದಾಗ ಕಾಳುಗಳು ಒಂದಕ್ಕೊಂದು ತಗುಲಿ ರಾಶಿ ನಿಲ್ಲುತ್ತದೆ. ಕಾಳುಗಳ ನಡುವೆ ಗಾಳಿ ಇರುತ್ತದೆ. ಮಳೆಗೆ ನೆನೆದ ಪುಡಿಯಲ್ಲಿ ಆ ಜಾಗವನ್ನು ನೀರು ತುಂಬಿಕೊಂಡಿರುತ್ತದೆ. ಎಂಜಿನ್ನಿನ ನಡುಕ, ಅಲೆಗಳ ಓಲಾಟಕ್ಕೆ ರಾಶಿ ಕುಸಿದು ಬಿಗಿಯಾಗುವಾಗ ನೀರಿಗೆ ಹೋಗಲು ದಾರಿಯಿಲ್ಲ. ಅದರ ಒತ್ತಡ ಕಾಳುಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಆಗ ಗಟ್ಟಿ ರಾಶಿ ಇದ್ದಕ್ಕಿದ್ದಂತೆ ಕೆಸರಿನ ಹಾಗೆ ಹರಿಯುತ್ತದೆ. ಹಡಗು ಬಲಕ್ಕೆ ವಾಲಿದರೆ ಅದಿರೂ ಬಲಕ್ಕೆ ಹರಿಯುತ್ತದೆ, ಮರಳಿ ವಾಲುವಾಗ ಪೂರ್ತಿ ಹಿಂದೆ ಬರುವುದಿಲ್ಲ. ಪ್ರತಿ ಓಲಾಟಕ್ಕೂ ಬಾಗು ಹೆಚ್ಚುತ್ತ ಹೋಗುತ್ತದೆ. ಮಳೆಗಾಲದ ಗದ್ದೆಯ ಬದುವಿನ ಮೇಲೆ ಒಂದೇ ಕಡೆ ಕುಣಿದವರಿಗೆ ಈ ಸಂಗತಿ ಕಾಲಿನಿಂದಲೇ ಗೊತ್ತು: ಗಟ್ಟಿಯಿದ್ದ ಮಣ್ಣು ಕಾಲಡಿಯಲ್ಲೇ ಸಡಿಲವಾಗುತ್ತದೆ.

ಇದನ್ನು ತಡೆಯಲು ನಿಯಮವಿದೆ. ಪ್ರತಿ ಸರಕಿಗೂ ಸಾಗಣೆಗೆ ಯೋಗ್ಯವಾದ ಗರಿಷ್ಠ ತೇವಾಂಶ ಇಷ್ಟೆಂದು ಪ್ರಯೋಗಾಲಯದಲ್ಲಿ ಗೊತ್ತು ಮಾಡಬೇಕು. ತುಂಬುವ ಸರಕು ಅದಕ್ಕಿಂತ ಹೆಚ್ಚು ಒದ್ದೆ ಇರಬಾರದು. ಆದರೆ ಅದು ಬಳ್ಳಾರಿ–ಹೊಸಪೇಟೆ ಗಣಿಗಳ ಹುಚ್ಚು ಹೊಳೆಯ ಕಾಲ. ಚೀನಾದ ಬೇಡಿಕೆಗೆ ಪುಡಿಯೂ ಚಿನ್ನವಾಗಿತ್ತು. ಘಟ್ಟದ ರಸ್ತೆಯುದ್ದಕ್ಕೂ ಲಾರಿಗಳ ಸಾಲು, ಬೇಲೆಕೇರಿ, ಕಾರವಾರ, ಪಣಂಬೂರಿನಲ್ಲಿ ಬಯಲಿನಲ್ಲೇ ಕೆಂಪು ಗುಡ್ಡಗಳು. ಕರಾವಳಿಯ ಮಳೆಗೆ ಬಯಲಿನಲ್ಲಿ ಸುರಿದಿಟ್ಟ ಪುಡಿ ಎಷ್ಟು ಒಣಗಿರಬಲ್ಲದು ಎಂದು ಕೇಳಲು ಪ್ರಯೋಗಾಲಯ ಬೇಕಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 9ರಂದು ಒಡಿಶಾದ ಪರದೀಪ್ ಬಳಿ ‘ಬ್ಲ್ಯಾಕ್ ರೋಸ್’ ಎಂಬ ಇನ್ನೊಂದು ಅದಿರಿನ ಹಡಗು ಮುಳುಗಿತು. ಒಂದೇ ಮಳೆಗಾಲದ ಈ ಎರಡು ಘಟನೆಗಳು ಜಗತ್ತಿನ ಹಡಗು ವಿಮೆದಾರರನ್ನು ಎಚ್ಚರಿಸಿದವು. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅದಿರಿನ ಪುಡಿಗೆಂದೇ ಪ್ರತ್ಯೇಕ ನಿಯಮ ರೂಪಿಸಿ 2017ರ ಜನವರಿ 1ರಿಂದ ಕಡ್ಡಾಯ ಮಾಡಿತು. ಕರ್ನಾಟಕ ಸರ್ಕಾರ 2010ರ ಜುಲೈಯಲ್ಲಿ ತನ್ನ ಬಂದರುಗಳಿಂದ ಅದಿರು ರಫ್ತನ್ನೇ ನಿಲ್ಲಿಸಿತು. ಅದಕ್ಕೆ ಕಾರಣ ಅಕ್ರಮ ಗಣಿಗಾರಿಕೆ, ಹಡಗಿನ ಸುರಕ್ಷತೆಯಲ್ಲ. ಬಳ್ಳಾರಿಯ ಗಣಿ ಕತೆ ಬರೆದವರು ಕಾಡು, ರಸ್ತೆ, ರಾಜಕಾರಣದ ಲೆಕ್ಕ ಹಾಕಿದ್ದಾರೆ. ಮಂಗಳೂರಿನೆದುರು ತಳದಲ್ಲಿರುವ ಆ ಕೆಂಪು ಕೆಸರನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೊಡ್ಡ ಬಂದರೆಂದು ಘೋಷಿತವಾಗಿ 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ನದಿಮುಖವನ್ನು ಬಿಟ್ಟು ದಂಡೆಯನ್ನೇ ಕೊರೆದು ಮಾಡಿದ ಬಂದರಾದ್ದರಿಂದ ಅಳಿವೆಯ ಹಳೆಯ ಅಪಾಯ ಇದಕ್ಕಿಲ್ಲ. ಅಪಾಯ ಹೊರಗಿನ ಲಂಗರು ತಾಣಕ್ಕೆ ಸರಿದಿದೆ. ಎರಿಟ್ರಿಯಾದ ‘ಡೆನ್ ಡೆನ್’ 2007ರ ಜೂನ್‌ನಲ್ಲಿ ಮುಳುಗಿದ್ದು ಬಂದರಿನ ಹೊರಗೇ. ‘ಪ್ರಿನ್ಸೆಸ್ ಮಿರಾಲ್’ ಚೀನಾದ ತಿಯಾನ್‌ಜಿನ್‌ನಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಒಯ್ಯುತ್ತಿದ್ದಾಗ ಒಳಗೆ ನೀರು ನುಗ್ಗಿ 2022ರ ಜೂನ್ 21ರಂದು ಉಳ್ಳಾಲದೆದುರು ತಳ ಸೇರಿತು. ಸಿರಿಯಾದ 15 ಸಿಬ್ಬಂದಿಯನ್ನು ಕಾವಲು ಪಡೆಯ ‘ವಿಕ್ರಮ್’, ‘ಅಮರ್ತ್ಯ’ ಹಡಗುಗಳು ದಡಕ್ಕೆ ತಂದವು. ಜೂನ್, ಜುಲೈ, ಜೂನ್: ತಿಂಗಳುಗಳನ್ನು ಓದಿದರೆ ಸಾಕು.

ದುಡಿಮೆಯ ದೋಣಿಗಳು

ದೊಡ್ಡ ಹಡಗಿನ ಸುದ್ದಿ ದೂರ ಹೋಗುತ್ತದೆ. ಸಾವು ಹೆಚ್ಚಾಗಿ ಸಣ್ಣ ದೋಣಿಗಳ ಪಾಲಿನದು. ಪಾತಿದೋಣಿ, ಹತ್ತಾರು ಜನ ದಡದಿಂದಲೇ ಎಳೆಯುವ ರಂಪಣಿ ಬಲೆಯ ದೋಣಿ, ಸರಕಿನ ಮಂಜಿ, ಮಚವೆ, ಪತ್ತೆಮಾರಿಗಳ ಕರಾವಳಿಗೆ ಯಂತ್ರದ ಟ್ರಾಲ್ ಬೋಟು ಬಂದು, ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆ ಬಂದು, ರಂಪಣಿ ಬಹುತೇಕ ಮೂಲೆ ಸೇರಿತು. ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳವರು ಮೊದಲು ಊರಿನ ಗುಡ್ಡ ಕಾಣುವಷ್ಟು ದೂರದಲ್ಲಿ ಮೀನು ಹಿಡಿಯುತ್ತಿದ್ದವರು, ಈಗ ಹತ್ತು ಹದಿನೈದು ದಿನಕ್ಕಾಗುವ ಡೀಸೆಲ್, ಐಸು, ಅಕ್ಕಿ ತುಂಬಿಕೊಂಡು ಗೋವಾ, ಮಹಾರಾಷ್ಟ್ರದವರೆಗೆ ಹೋಗುತ್ತಾರೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ. ಕಡಲು ಅತ್ಯಂತ ಕೆರಳಿರುವ ಎರಡು ತಿಂಗಳಲ್ಲಿ ಅತ್ಯಂತ ಚಿಕ್ಕ ದೋಣಿಗಳಿಗೆ ಮಾತ್ರ ಅನುಮತಿ! ಮರಿಮೀನಿನ ದೃಷ್ಟಿಯಿಂದ ಸರಿಯಾದ ಈ ನಿಯಮ ಮನುಷ್ಯನ ದೃಷ್ಟಿಯಿಂದ ಹೀಗಿದೆ.

ಬೋಟು ಮುಳುಗುವ ಕಾರಣಗಳು ಬಂದರಿನಲ್ಲಿ ಎಲ್ಲರ ಬಾಯಲ್ಲಿವೆ. ತಳದ ಹಲಗೆ ಬಿರಿದು ನೀರು ಬರುವುದು, ಎಂಜಿನ್ ಕೆಟ್ಟು ಗಾಳಿಗೆ ಸಿಕ್ಕಿ ಬಂಡೆಗೆ ಬಡಿಯುವುದು, ಬಲೆ ಅಥವಾ ಹಗ್ಗ ಫ್ಯಾನಿಗೆ ಸುತ್ತಿಕೊಂಡು ಬೋಟು ನಿಂತುಬಿಡುವುದು. ಫ್ಯಾನು ಎಂದರೆ ಬೋಟನ್ನು ನೂಕುವ ಹಿಂದಿನ ತಿರುಗುರೆಕ್ಕೆ. ಅದನ್ನು ಬಿಡಿಸಲು ನೀರಿಗಿಳಿದವರೂ ಸತ್ತಿದ್ದಾರೆ. ಎಲ್ಲಕ್ಕಿಂತ ಭಯ ರಾತ್ರಿಯ ಡಿಕ್ಕಿಯದು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಬೋಟು ಅಪಹರಣವಾಗಿರಬಹುದೆಂಬ ವದಂತಿಯೂ ಹಬ್ಬಿತು. 2019ರ ಜನವರಿಯಲ್ಲಿ ಉಡುಪಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿ ತಡೆದು, ಹುಡುಕಿಕೊಡಿ ಎಂದು ಕೂತರು. ಕೊನೆಗೆ ಮೇ 1ರಂದು ನೌಕಾಪಡೆಯ ಮುಳುಗು ನೆರವಿನ ಹಡಗು ‘ನಿರೀಕ್ಷಕ್’, ಮಾಲ್ವಣದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಗುರುತಿಸಿತು. ಯುದ್ಧನೌಕೆ ತಾಗಿರಬಹುದೆಂದು ಮೀನುಗಾರರ ಸಂಘಟನೆಗಳು ಶಂಕಿಸಿದವು. ಮುಳುಗಿದ ಕಾರಣದ ಬಗ್ಗೆ ಅವರಿಗೂ ಅಧಿಕಾರಿಗಳಿಗೂ ಒಮ್ಮತ ಮೂಡಲಿಲ್ಲ. ನಾಲ್ಕೂವರೆ ತಿಂಗಳು ಏಳು ಮನೆಗಳಲ್ಲಿ ಕುಂಕುಮ ಅಳಿಸಬೇಕೋ ಬೇಡವೋ ಎಂಬ ಸ್ಥಿತಿ. ಮೃತದೇಹ ಸಿಗದವರಿಗೆ ಮರಣಪತ್ರವೂ ಸುಲಭವಲ್ಲ, ಅದಿಲ್ಲದೆ ಪರಿಹಾರವೂ ಸುಲಭವಲ್ಲ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನ ಪಶ್ಚಿಮಕ್ಕೆ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ ಕೇರಳದ ಬೇಪೂರಿನ ‘ರಬಾ’ ಬೋಟಿಗೂ ಸಿಂಗಪುರದ ಕಂಟೇನರ್ ಹಡಗು ‘ಎಪಿಎಲ್ ಲೆ ಹಾವ್ರ್’ಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕವರು ಇಬ್ಬರು. ಎಲ್ಲರೂ ತಮಿಳುನಾಡು, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮುಂದಿನ ತಿಂಗಳೇ ತೌಕ್ತೆ ಚಂಡಮಾರುತ. ಮಂಗಳೂರು ತೈಲ ಸಂಸ್ಕರಣಾಗಾರದ ಕಡಲ ಕೆಲಸದಲ್ಲಿದ್ದ ‘ಅಲಯನ್ಸ್’ ಟಗ್ ಮಗುಚಿ ಪಡುಬಿದ್ರಿ ದಂಡೆಗೆ ಬಂದು ಬಿತ್ತು, ಜೀವಹಾನಿಯಾಯಿತು. ಬಂಡೆಗಳ ನಡುವೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್ 9’ ಟಗ್ಗಿನ ಒಂಬತ್ತು ಜನರನ್ನು ಮೇ 17ರಂದು ಹೆಲಿಕಾಪ್ಟರ್ ಮತ್ತು ರಬ್ಬರ್ ದೋಣಿಯಿಂದ ಪಾರು ಮಾಡಲಾಯಿತು. ಅದೇ ದಿನ ಮುಂಬಯಿ ಹೈ ಬಳಿ ತೈಲ ಕಾರ್ಮಿಕರ ವಸತಿ ಬಾರ್ಜ್ ‘ಪಿ–305’ ಮುಳುಗಿತು. ಚಂಡಮಾರುತದ ಮುನ್ನೆಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಮೀನುಗಾರಿಕೆ ಬೋಟುಗಳು ದಡ ಸೇರಿದ್ದವು. ಕಂಪನಿ ಕೆಲಸದ ನೌಕೆಗಳು ಸೇರಿರಲಿಲ್ಲ.

ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ಒಯ್ಯುವ ಮಂಜಿಗಳ ಬಗ್ಗೆ ಬರೆಯುವವರು ಕಡಿಮೆ. ಹಳೆಯ ಹಾಯಿಹಡಗಿನ ಮೈ, ಹೊಸ ಎಂಜಿನ್. 2025ರ ಮೇಯಲ್ಲಿ ಕಡಮತ್ ದ್ವೀಪಕ್ಕೆ ಹೊರಟ ಅಂಥ ಒಂದು ಮಂಜಿ ‘ಸಲಾಮತ್’ ಮುಳುಗಿತು. ಸಣ್ಣ ಡಿಂಗಿಯಲ್ಲಿ ತೇಲುತ್ತಿದ್ದ ಆರು ಜನರನ್ನು ಮತ್ತೆ ‘ವಿಕ್ರಮ್’ ಎತ್ತಿಕೊಂಡಿತು.

ವಿಮಾನಗಳು

ಕಡಲಿಗೆ ಬಿದ್ದ ವಿಮಾನ ಹಡಗಿನಂತೆ ಇಡಿಯಾಗಿ ಕೂರುವುದಿಲ್ಲ. ಬಡಿದ ಕೂಡಲೇ ಚೂರಾಗುತ್ತದೆ. ಅದರ ದಾಖಲೆ ಪೆಟ್ಟಿಗೆಗೆ ಕಟ್ಟಿದ ಸಾಧನ ನೀರು ಸೋಕಿದೊಡನೆ 37.5 ಕಿಲೋಹರ್ಟ್ಸ್ ಆವರ್ತದಲ್ಲಿ ಮಿಡಿಯತೊಡಗುತ್ತದೆ. ಹಳೆಯವು 30 ದಿನ, ಹೊಸವು 90 ದಿನ. ಅಷ್ಟರೊಳಗೆ ಕೇಳಿಸಿಕೊಳ್ಳಬೇಕು. 1978ರ ಜನವರಿ 1ರಂದು ಬಾಂದ್ರಾದೆದುರು ಬಿದ್ದ ಏರ್ ಇಂಡಿಯಾದ ‘ಸಾಮ್ರಾಟ್ ಅಶೋಕ’ ಜಂಬೋ ಜೆಟ್ಟಿನಲ್ಲಿ 213 ಜನ ಸತ್ತರು. ನೀರು ಆಳವಿರಲಿಲ್ಲವಾದ್ದರಿಂದ ಅವಶೇಷ ಬೇಗ ಸಿಕ್ಕಿತು. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ 29 ಜನರೊಂದಿಗೆ ಹೊರಟ ವಾಯುಪಡೆಯ ಎಎನ್–32ರ ಚೂರುಗಳು ಕಣ್ಣಿಗೆ ಬಿದ್ದದ್ದು 2024ರ ಜನವರಿಯಲ್ಲಿ, 3,400 ಮೀಟರ್ ಆಳದಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ನೌಕೆ ತೆಗೆದ ಚಿತ್ರಗಳಲ್ಲಿ.

ನಮ್ಮ ಕಡಲಿಗೆ ಹತ್ತಿರದ ಘಟನೆ 2015ರ ಮಾರ್ಚ್ 24ರದು. ಗೋವಾದಿಂದ ರಾತ್ರಿ ತರಬೇತಿಗೆ ಹೊರಟ ನೌಕಾಪಡೆಯ ಡಾರ್ನಿಯರ್ ನೈಋತ್ಯದ ಕಡಲಿಗೆ ಬಿತ್ತು. ಇಬ್ಬರು ಯುವ ಅಧಿಕಾರಿಗಳು ಸತ್ತರು, ಅವರಲ್ಲೊಬ್ಬರು ಮಹಿಳೆ. ಬದುಕಿದ ಒಬ್ಬರನ್ನು ಮೊದಲು ಕಂಡು ಎತ್ತಿಕೊಂಡವರು ಮೀನುಗಾರರು. ಕಡಲಿನಲ್ಲಿ ಮೊದಲು ತಲಪುವವರು ಬಹುಪಾಲು ಅವರೇ, ತಮ್ಮ ದಿನದ ಬಲೆ ಬಿಟ್ಟು ಬಂದವರು.

ತಳದಲ್ಲಿರುವುದು ಯಾರ ಸ್ವತ್ತು?

ಮುಳುಗಿದ ಹಡಗಿನ ಮಾಲೀಕತ್ವ ನೀರಿನೊಂದಿಗೆ ಕರಗುವುದಿಲ್ಲ. 1958ರ ವಾಣಿಜ್ಯ ಹಡಗು ಕಾಯಿದೆ ಅವಶೇಷಗಳ ಉಸ್ತುವಾರಿಗೆ ಅಧಿಕಾರಿಯನ್ನು ಗೊತ್ತುಮಾಡಿತ್ತು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಅಂಗೀಕಾರವಾಯಿತು. ಸಂಚಾರಕ್ಕೂ ಪರಿಸರಕ್ಕೂ ಅಪಾಯವಾದ ಅವಶೇಷವನ್ನು ಮಾಲೀಕನೇ ತನ್ನ ಖರ್ಚಿನಲ್ಲಿ ತೆಗೆಯಬೇಕೆನ್ನುವ ನೈರೋಬಿ ಒಪ್ಪಂದಕ್ಕೆ ಭಾರತ 2011ರಲ್ಲಿ ಸೇರಿತು. ಒಪ್ಪಂದ ಜಾರಿಗೆ ಬಂದದ್ದು 2015ರಲ್ಲಿ. ಕಾಗದದಲ್ಲಿ ಇದು ಸರಿ. ಹಡಗು ಒಂದು ದೇಶದ್ದು, ಬಾವುಟ ಇನ್ನೊಂದರದು, ವಿಮೆ ಮತ್ತೊಂದರದು ಆದಾಗ ತೆಗೆಸುವಷ್ಟರಲ್ಲಿ ಉಪ್ಪುನೀರು ತನ್ನ ಕೆಲಸ ಮುಗಿಸಿರುತ್ತದೆ. ಸುರತ್ಕಲ್ ದಂಡೆಯ ಬಳಿ 2019ರಲ್ಲಿ ಮರಳಿಗೆ ಕೂತ ‘ಭಗವತಿ ಪ್ರೇಮ್’ ಹೂಳೆತ್ತುವ ನೌಕೆ ಬಹುಕಾಲ ನೋಟಕರ ಆಕರ್ಷಣೆಯಾಗಿಯೇ ಉಳಿದಿತ್ತು. ನೂರು ವರ್ಷ ಮೀರಿದ ಅವಶೇಷಗಳನ್ನು ಪರಂಪರೆಯೆಂದು ಕಾಯುವ 2001ರ ಯುನೆಸ್ಕೊ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೆಂಚಿನ ಹಡಗಿನಂಥವು ಮುಳುಗುಗಾರರ ನೆನಪಿನ ಕಾಣಿಕೆಗಳಾಗಿ ಚದುರದಿರಬೇಕಾದರೆ ಸೇರುವುದೇ ಮೇಲು.

ಹಡಗು ಮುಳುಗದಂತೆ ನೋಡಿಕೊಳ್ಳುವ ವಿದ್ಯೆಯ ಒಂದು ಭಾಗ ಕಡಲಿಲ್ಲದ ಪುಣೆಯಲ್ಲಿದೆ ಎಂದರೆ ಹಲವರಿಗೆ ಅಚ್ಚರಿ. 1916ರಲ್ಲಿ ಆರಂಭವಾದ ಖಡಕವಾಸ್ಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾಲಯದಲ್ಲಿ ಬಂದರುಗಳ ಪುಟ್ಟ ಮಾದರಿ ಕಟ್ಟಿ, ಅಲೆ ಎಬ್ಬಿಸಿ, ಅಲೆತಡೆ ಎಲ್ಲಿರಬೇಕು, ಹೂಳು ಎಲ್ಲಿ ಕೂರುತ್ತದೆ ಎಂದು ನೋಡುತ್ತಾರೆ. ನವಮಂಗಳೂರು, ಕಾರವಾರದ ಕೆಲಸಗಳೂ ಅಲ್ಲಿ ನಡೆದಿವೆ. ತಳೇಗಾಂವ್ ಮತ್ತು ಲೋಣಿ ಕಾಳಭೋರ್‌ಗಳಲ್ಲಿ ವಾಣಿಜ್ಯ ಹಡಗುಗಳ ಅಧಿಕಾರಿಗಳು ತಯಾರಾಗುತ್ತಾರೆ.  

ಹಾಳು ಹಡಗು ಮೀನಿಗೆ ಮನೆಯಾಗುವುದೂ ನಿಜ. ಟ್ರಾಲ್ ಬೋಟಿನವರಿಗೆ ಅದು ಬಲೆ ಹರಿಯುವ ಜಾಗ, ಗಾಳದವರಿಗೆ ಮೀನು ಸಿಗುವ ಜಾಗ. ಇಬ್ಬರೂ ಅದರ ಗುರುತನ್ನು ಜಿಪಿಎಸ್‌ನಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಹೊಸ ಹಡಗುಗಳ ಹೊಟ್ಟೆಯಲ್ಲಿರುವುದು ಹೆಂಚಲ್ಲ. 2025ರ ಮೇ 25ರಂದು ಕೊಚ್ಚಿಯೆದುರು 640 ಕಂಟೇನರುಗಳೊಂದಿಗೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ಪ್ಲಾಸ್ಟಿಕ್ ಕಾಳುಗಳು ಕೇರಳದ ದಂಡೆ ತುಂಬ ಹರಡಿದವು. ಎರಡು ವಾರಗಳ ನಂತರ, ಜೂನ್ 9ರಂದು, ‘ವಾನ್ ಹಾಯ್ 503’ ಹಡಗಿಗೆ ಬೆಂಕಿ ಬಿದ್ದು ನಾಲ್ವರು ಕಾಣೆಯಾದರು. ಉಳಿದ 18 ಜನರನ್ನು ‘ಐಎನ್‌ಎಸ್ ಸೂರತ್’ ಪಣಂಬೂರಿಗೆ ತಂದಿಳಿಸಿತು, ಸುಟ್ಟ ಗಾಯಗಳಿಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯಿತು.

ದಂಡೆಗೆ ಬಂದು ಬಿದ್ದ ಪೀಪಾಯಿ, ಕಂಟೇನರ್, ಬಿಳಿ ಕಾಳಿನ ಚೀಲ ಕಂಡರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೆಯ ಲಂಗರು, ಮುದ್ರೆಯಿರುವ ಹೆಂಚು ಬಲೆಗೆ ಸಿಕ್ಕರೆ ಸಿಕ್ಕ ಜಾಗದ ಗುರುತು ಬರೆದಿಡಿ, ಉಜ್ಜಿ ತೊಳೆಯಬೇಡಿ. ಕಡಲಿನಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554.